ಮುಳ್ಳು 70ರಲ್ಲೇ ನಿಂತಿತ್ತು: ಸಿಗಾರ್ ಪೆಟ್ಟಿಗೆ ಕೊಳ್ಳುವವರು ಗಮನಿಸಿ

ಹ್ಯೂಮಿಡರ್, ಅಂದರೆ ಸಿಗಾರುಗಳನ್ನು ಹದವಾದ ತೇವದಲ್ಲಿ ಕಾಪಾಡುವ ಪೆಟ್ಟಿಗೆ, ಕೊಳ್ಳಲು ಹೊರಟವರು, ಅದರಲ್ಲೂ ಮುಂಬೈಯಲ್ಲಿರುವವರು, ಹಣ ಕೊಡುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ಫೋರ್ಟ್ ಕಡೆಯ ಒಂದು ಅಂಗಡಿಯಿಂದ ಮೇ ತಿಂಗಳಲ್ಲಿ 9,500 ರೂಪಾಯಿಗೆ ನಾನು ತಂದ ಪೆಟ್ಟಿಗೆಯ ಮುಂಬದಿಯ ಹೈಗ್ರೊಮೀಟರ್, ಅಂದರೆ ತೇವಾಂಶದ ಮಾಪಕ, 70 ಪ್ರತಿಶತ ತೋರಿಸುತ್ತಿತ್ತು. ಸಿಗಾರಿಗೆ ಬೇಕಾದದ್ದು 65ರಿಂದ 70ರ ತೇವಾಂಶವೇ ಆದ್ದರಿಂದ ನಾನು ಹಿಗ್ಗಿ, ಭಾವ ದುಬೈಯಿಂದ ತಂದುಕೊಟ್ಟ ಇಪ್ಪತ್ತು ಸಿಗಾರುಗಳನ್ನು ಅದರಲ್ಲಿ ಜೋಡಿಸಿ, ಮಾಟುಂಗಾದ ನೆಂಟರಿಗೆಲ್ಲ ತೋರಿಸಿ ಬೀಗಿದೆ.

ಜುಲೈಯಲ್ಲಿ ತೆರೆದು ನೋಡಿದರೆ ಐದು ಸಿಗಾರುಗಳಿಗೆ ಬೂಷ್ಟು ಹಿಡಿದಿತ್ತು. ಮುಳ್ಳು ಮಾತ್ರ 70. ಪೆಟ್ಟಿಗೆಯನ್ನು ಎಸಿ ಕೋಣೆಗೆ ಒಯ್ದೆ, 70. ಮಳೆ ಸುರಿಯುತ್ತಿದ್ದ ಬಾಲ್ಕನಿಯಲ್ಲಿ ಮುಚ್ಚಳ ತೆರೆದಿಟ್ಟೆ, ಆಗಲೂ 70. ಗಾಜನ್ನು ತಟ್ಟಿದರೂ ಅದು ಅಲುಗಲಿಲ್ಲ. ಎರಡು ತಿಂಗಳು ದಿನವೂ ಬೆಳಿಗ್ಗೆ ಆ ಮುಳ್ಳನ್ನು ನೋಡಿ ತೃಪ್ತಿಪಟ್ಟವನು ನಾನೇ ಎಂದು ಬರೆಯಲು ನಾಚಿಕೆಯಾಗುತ್ತದೆ.

ಬಳಿಕ ಡಿಜಿಟಲ್ ಮಾಪಕವೊಂದನ್ನು ತಂದು, ನೀರು ಚಿಮುಕಿಸಿದ ಉಪ್ಪಿನೊಂದಿಗೆ ಒಂದು ದಿನ ಬಿಗಿಯಾದ ಚೀಲದಲ್ಲಿಟ್ಟು, ಅಂಥ ಚೀಲದಲ್ಲಿ ಇರಬೇಕಾದ 75 ಪ್ರತಿಶತವನ್ನೇ ಅದು ತೋರಿಸುವುದನ್ನು ಖಚಿತಪಡಿಸಿಕೊಂಡು ಪೆಟ್ಟಿಗೆಯೊಳಗಿಟ್ಟಾಗ 84 ಬಂತು. ರಾತ್ರಿ ದೀಪ ಆರಿಸಿ, ಹೊತ್ತಿಸಿದ ಟಾರ್ಚನ್ನು ಒಳಗಿಟ್ಟು ಮುಚ್ಚಿದರೆ ಹಿಂಬದಿಯ ಕೀಲಿನುದ್ದಕ್ಕೂ ಬೆಳಕಿನ ಗೆರೆ ಕಾಣಿಸಿತು.

ಫೋನ್ ಮಾಡಿದಾಗ ಅಂಗಡಿಯಾತನ ಉತ್ತರ, "ಮರ ಉಸಿರಾಡಬೇಡವೇ ಸಾಹೇಬರೇ?" ಎರಡನೆಯ ಸಲ, "ಪೆಟ್ಟಿಗೆಯೊಳಗಿನ ಸ್ಪಂಜಿಗೆ ಇನ್ನಷ್ಟು ನೀರು ಹಾಕಿ." ಮುಂಬೈ ಮಳೆಗಾಲದಲ್ಲಿ, ಹೊರಗಿನ ತೇವವೇ ಸಂದಿಯಿಂದ ಒಳನುಗ್ಗುತ್ತಿರುವಾಗ, ಇನ್ನಷ್ಟು ನೀರು! ಎಸಿ ಕೋಣೆಯಲ್ಲಾದರೆ ಇದೇ ಸಂದಿಯಿಂದ ತೇವ ಹೊರಗೆ ಹೋಗಿ ಸಿಗಾರು ಒಣಗುತ್ತದೆ. ಒಳಗಿನದು ಸ್ಪ್ಯಾನಿಷ್ ಸೀಡರ್ ಎಂದೂ ಆತ ಹೇಳಿದ್ದ. ಹೆಸರು ಏನೇ ಇರಲಿ, ಅದು ನಮ್ಮ ಬೇವಿನ ಕುಟುಂಬಕ್ಕೆ ಸೇರಿದ, ತನ್ನದೇ ಪರಿಮಳವಿರುವ ಮರ. ನನ್ನ ಪೆಟ್ಟಿಗೆಗೆ ಇದ್ದದ್ದು ವಾರ್ನಿಷ್ ವಾಸನೆ ಮಾತ್ರ.

ಅಂಗಡಿಗೆ ಹೋಗುವಾಗ ಟಾರ್ಚ್ ಒಯ್ಯಿರಿ. ಮುಚ್ಚಳದಡಿ ನೋಟೊಂದನ್ನು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿಂದ ಹೊರಟುಬಿಡಿ. ಪೆಟ್ಟಿಗೆಯ ಮೇಲಿನ ಮುಳ್ಳನ್ನಂತೂ ನಂಬಲೇಬೇಡಿ. ನನ್ನ ಉಳಿದ ಹದಿನೈದು ಸಿಗಾರುಗಳು ಈಗ ರಬ್ಬರ್ ಪಟ್ಟಿಯ ಮುಚ್ಚಳವಿರುವ 280 ರೂಪಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವವನ್ನು ಹೀರುವ ಮತ್ತು ಬಿಡುವ 65ರ ಪೊಟ್ಟಣದೊಂದಿಗೆ ಕ್ಷೇಮವಾಗಿವೆ.

ಹಣ ಹಿಂದಿರುಗಿಸಿ ಎಂದು ಮೂರನೆಯ ಸಲ ಕೇಳಿದಾಗ, ಇನ್ನೂ 2,000 ಸೇರಿಸಿದರೆ ದೊಡ್ಡ ಪೆಟ್ಟಿಗೆ ಕೊಡುವುದಾಗಿ ಆತ ಹೇಳಿದ. ಅದಕ್ಕೂ ಅದೇ ಹಿತ್ತಾಳೆಯ ಹೈಗ್ರೊಮೀಟರ್ ಇದೆಯಂತೆ.