ವಸ್ತುಸಂಗ್ರಹಾಲಯದ ಕಿಯೋಸ್ಕ್‌ನಲ್ಲಿ ರಾಸ್ಪ್‌ಬೆರಿ ಪೈ 4: ನಾಲ್ಕು ವರ್ಷಗಳ ಬಳಕೆಯ ನಂತರ

ನಮ್ಮ ಊರಿನ ಸಣ್ಣ ವಸ್ತುಸಂಗ್ರಹಾಲಯದಲ್ಲಿ ಇಳಕಲ್ ಸೀರೆಯ ನೇಯ್ಗೆಯನ್ನು ತೋರಿಸುವ ಟಚ್ ಸ್ಕ್ರೀನ್ ಕಿಯೋಸ್ಕ್ ಒಂದಿದೆ. ಅದರೊಳಗಿರುವುದು ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್, 2 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈ 4. ಪರದೆಯ ಮೇಲೆ ಕಾಣುವುದು ಕಿಯೋಸ್ಕ್ ಮೋಡ್‌ನಲ್ಲಿ, ಅಂದರೆ ಬೇರೇನೂ ಕಾಣದಂತೆ ಇಡೀ ಪರದೆ ತುಂಬಿ, ತೆರೆದ ಕ್ರೋಮಿಯಂ ಬ್ರೌಸರ್. ನಾಲ್ಕು ವರ್ಷಗಳಿಂದ ಅದರ ಉಸ್ತುವಾರಿ ನನ್ನದು. ಮೊದಲ ಆರು ತಿಂಗಳು ಬೋರ್ಡನ್ನು ಬೈದೆ. ಆಮೇಲೆ ಬಹುಪಾಲು ತಪ್ಪು ನನ್ನದೇ ಎಂದು ತಿಳಿಯಿತು.

ಮೊದಲ ಕಾಟ ವಿಡಿಯೊದ್ದು. ನೇಕಾರರು ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ದೃಶ್ಯ ಬಂದ ಕೂಡಲೇ ಚಿತ್ರ ನಿಂತು, ಧ್ವನಿ ಮಾತ್ರ ಮುಂದುವರಿಯುತ್ತಿತ್ತು. ಜನ ನೋಡಲು ಬರುವುದೇ ಆ ಕೊಂಡಿಯನ್ನು. ಮೊಬೈಲಿನಲ್ಲಿ 4ಕೆ ಗಾತ್ರದಲ್ಲಿ ಚಿತ್ರೀಕರಿಸಿದ ಎಚ್.264 (ವಿಡಿಯೊ ಸಂಕುಚಿಸುವ ಒಂದು ವಿಧಾನ) ಕಡತವನ್ನು ನಾನು ಹಾಗೆಯೇ ತುಂಬಿಸಿದ್ದೆ. ಈ ಬೋರ್ಡಿನ ಹಾರ್ಡ್‌ವೇರ್ ಡಿಕೋಡರ್, ಅಂದರೆ ಸಂಕುಚಿಸಿದ ವಿಡಿಯೊವನ್ನು ಬಿಡಿಸುವ ಪ್ರತ್ಯೇಕ ಭಾಗ, ಎಚ್.264ನ್ನು 4ಕೆಗಿಂತ ಕಿರಿದಾದ 1080ಪಿ ಗಾತ್ರದವರೆಗೆ ಮಾತ್ರ ನಿಭಾಯಿಸುತ್ತದೆ. ಎಫ್ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತನೆಯ ತಂತ್ರಾಂಶದಲ್ಲಿ ಎಲ್ಲವನ್ನೂ 1080ಪಿಗೆ ಇಳಿಸಿ, ಮೊಬೈಲಿನ ಏರುಪೇರಿನ ಫ್ರೇಮ್ ದರವನ್ನು ಸೆಕೆಂಡಿಗೆ 30ಕ್ಕೆ ಕಟ್ಟಿಹಾಕಿ, ಪ್ರತಿ 30 ಫ್ರೇಮಿಗೊಂದು ಕೀಫ್ರೇಮ್ (ಪೂರ್ತಿ ಚಿತ್ರವಿರುವ ಫ್ರೇಮ್) ಇಟ್ಟ ಮೇಲೆ ಆ ತೊಂದರೆ ಮರುಕಳಿಸಲಿಲ್ಲ. ಕೀಫ್ರೇಮ್ ಹತ್ತಿರ ಹತ್ತಿರ ಇರುವುದರಿಂದ, ಮಕ್ಕಳು ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಹಿಂದೆ ಮುಂದೆ ಎಳೆದಾಡಿದರೂ ಚಿತ್ರ ತಡವರಿಸುವುದಿಲ್ಲ.

ಎರಡನೆಯ ಕಾಟ ಮಧ್ಯಾಹ್ನದ ಹೊತ್ತಿನದು. ನಾನು ಬರೆದ ಪುಟ ಪ್ರತಿ ಸ್ಪರ್ಶಕ್ಕೂ ಹೊಸ ವಿಡಿಯೊ ಟ್ಯಾಗ್ (ಪುಟದಲ್ಲಿ ವಿಡಿಯೊ ಓಡಿಸುವ ಅಂಶ) ಸೃಷ್ಟಿಸುತ್ತಿದ್ದು, ಹಳೆಯವು ಮೆಮೊರಿಯಲ್ಲೇ ಉಳಿದು, ಊಟದ ವೇಳೆಗೆ ಬ್ರೌಸರ್ ಕುಸಿಯುತ್ತಿತ್ತು. ಈಗ ಒಂದೇ ಟ್ಯಾಗ್ ಇಟ್ಟು ಕಡತವನ್ನಷ್ಟೇ ಬದಲಿಸುತ್ತೇನೆ. ಯಾರೂ ಮುಟ್ಟದಿದ್ದಾಗ ಓಡುವ ವಿಡಿಯೊವನ್ನು ಮೂಕವಾಗಿಯೇ ಇಟ್ಟಿದ್ದೇನೆ, ಏಕೆಂದರೆ ಬಳಕೆದಾರರ ಸ್ಪರ್ಶವಿಲ್ಲದೆ ಸದ್ದಿನ ವಿಡಿಯೊ ತಾನಾಗಿ ಆರಂಭವಾಗುವುದನ್ನು ಕ್ರೋಮಿಯಂ 2018ರಿಂದಲೇ ತಡೆಯುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಕಂಜೂಸುತನ ಸಲ್ಲದು. ಮನೆಯಲ್ಲಿದ್ದ ಮೊಬೈಲ್ ಚಾರ್ಜರ್ ಹಾಕಿದ್ದಾಗ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಆಗಾಗ ಕಾಣಿಸಿಕೊಂಡು, ವಿಡಿಯೊ ಮುಗ್ಗರಿಸುತ್ತಿತ್ತು. ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದಿದೆ ಎಂಬುದಕ್ಕೆ ಅದು ಸೂಚನೆ. 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ತಂದ ಮೇಲೆ ಆ ಗುರುತು ಕಂಡಿಲ್ಲ. ಸಂಜೆ ಬಾಗಿಲು ಹಾಕುವವರು ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಾರೆ, ಅದು ಅವರ ತಪ್ಪಲ್ಲ, ಪೈ 4ಕ್ಕೆ ಪವರ್ ಬಟನ್ನೇ ಇಲ್ಲ. ಹೀಗೆ ಎರಡು ಎಸ್‌ಡಿ ಕಾರ್ಡ್ ಕೆಟ್ಟ ಬಳಿಕ ಓವರ್‌ಲೇ ಫೈಲ್ ಸಿಸ್ಟಮ್ ಚಾಲೂ ಮಾಡಿದೆ. ಇದರಲ್ಲಿ ಬರೆಯುವುದೆಲ್ಲ ಮೆಮೊರಿಯಲ್ಲೇ ನಡೆದು, ಕಾರ್ಡ್ ಓದುವುದಕ್ಕಷ್ಟೇ ಬಳಕೆಯಾಗುತ್ತದೆ. ಮೂರು ವರ್ಷಗಳಿಂದ ಅದೇ ಕಾರ್ಡ್ ಇದೆ. ಹೊಸ ವಿಡಿಯೊ ಹಾಕಬೇಕಾದಾಗ ಓವರ್‌ಲೇ ತೆಗೆದು, ರೀಬೂಟ್ ಮಾಡಿ, ಮತ್ತೆ ಹಾಕಿ, ಮತ್ತೆ ರೀಬೂಟ್ ಮಾಡಬೇಕಾದದ್ದು ಮಾತ್ರ ರೇಜಿಗೆ.

ಏಪ್ರಿಲ್ ತಿಂಗಳಿನಲ್ಲಿ ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಚಿಪ್ 80 ಡಿಗ್ರಿ ಮುಟ್ಟಿ ತಾನಾಗಿ ವೇಗ ಕುಗ್ಗಿಸಿಕೊಳ್ಳುತ್ತಿತ್ತು. ಅಲ್ಯೂಮಿನಿಯಂ ಕವಚ ತೊಡಿಸಿ, ಪೆಟ್ಟಿಗೆಯ ಹಿಂಬದಿಗೆ ರಂಧ್ರ ಕೊರೆಸಿದ್ದು ಸಾಕಾಯಿತು.

ಬೋರ್ಡಿನ ಮೇಲೆಯೇ ಹೊರಿಸಬಹುದಾದ ದೂರು ಒಂದಿದೆ. ವಿದ್ಯುತ್ ಹೋದರೂ ಸಮಯ ಕಾಯುವ ಗಡಿಯಾರ ಇದರಲ್ಲಿ ಇಲ್ಲದ ಕಾರಣ, ಇಂಟರ್ನೆಟ್ ಇಲ್ಲದ ನಮ್ಮ ಕೋಣೆಯಲ್ಲಿ ಯಾವ ವಿಡಿಯೊ ಯಾವ ದಿನ ಎಷ್ಟು ಬಾರಿ ಓಡಿತೆಂಬ ಲೆಕ್ಕ ನಂಬಲರ್ಹವಾಗಿರುವುದಿಲ್ಲ. 2023ರಲ್ಲಿ ಬಂದ ಪೈ 5ರಲ್ಲಿ ಗಡಿಯಾರವೂ ಪವರ್ ಬಟನ್ನೂ ಇವೆ, ಆದರೆ ಎಚ್.264 ಹಾರ್ಡ್‌ವೇರ್ ಡಿಕೋಡರನ್ನು ಕೈಬಿಟ್ಟಿದ್ದು, ಆ ಕೆಲಸ ಮುಖ್ಯ ಪ್ರೊಸೆಸರ್ ಮೇಲೆಯೇ ಬೀಳುತ್ತದೆ. ಫ್ಯಾನ್ ಇಲ್ಲದ, ದೂಳಿನ ಕೋಣೆಯ ನಮ್ಮ ಪೆಟ್ಟಿಗೆಗೆ ಅದನ್ನು ತರುವ ಯೋಚನೆ ಸದ್ಯಕ್ಕಿಲ್ಲ.