ಮನ್ಯಾಗ ಮಾಡೋ ಪ್ಲೇ ಡೋ: ಮೈದಾ, ಕಾರ್ನ್‌ಫ್ಲೋರ್, ಜ್ವಾಳ, ಎರಿಮಣ್ಣು, ಕಲಬುರಗಿ ಬಿಸಲಿಗಿ ಯಾವುದು ತಡೀತದ?

ಪ್ಲೇ ಡೋ ಅಂದ್ರ ಹುಡುಗುರು ಗೊಂಬಿ ಮಾಡಿ ಆಡೋ ಮೆತ್ತನ ಹಿಟ್ಟಿನ ಮುದ್ದಿ, ಅದರ ರೆಸಿಪಿ ಹುಡುಕಿದ್ರ ರಾಶಿ ಸಿಗ್ತಾವ, ಆದ್ರ ಅವನ್ನ ಬರದವ್ರ ಊರಾಗ ನಮ್ಮಂಥ ಬಿಸಲಿಲ್ಲ ನೋಡ್ರಿ. ಮೇ ತಿಂಗಳದಾಗ ಕಲಬುರಗಿಯೊಳಗ 42 ಡಿಗ್ರಿ ಅಂದ್ರ ಮಾಮೂಲಿ, ಗಾಳಿ ಬ್ಯಾರೆ ಒಣಾ ಒಣಾ, ಫ್ಯಾನ್ ಕೆಳಗ ಸ್ವಲ್ಪ ಹೊತ್ತು ಬಿಟ್ರ ಹಿಟ್ಟಿನ ಮ್ಯಾಲ ಚಕ್ಕಿ ಕಟ್ಟತದ. ಸೂಟಿಯೊಳಗ ಹುಡುಗುರನ್ನ ಮಧ್ಯಾಹ್ನ ಹೊರಗ ಬಿಡ್ಲಾಕ ಬರಂಗಿಲ್ಲ, ಒಳಗ ಕೂಡಿಸಿದ್ರ ಮೊಬೈಲ್ ಬೇಕಂತಾರ, ಅದಕ್ಕ ನಾನು ಮೈದಾ, ಕಾರ್ನ್‌ಫ್ಲೋರ್, ಜ್ವಾಳದ ಹಿಟ್ಟು, ಎರಿಮಣ್ಣು (ಹೊಲದ ಕರಿ ಮಣ್ಣು) ಎಲ್ಲಾ ಮಾಡಿ ನೋಡೀನಿ. ದೊಡ್ಡಾಕಿಗಿ 5 ವರ್ಷ, ಸಣ್ಣಾಂವಗ 2. ಮೊದಲ ದಿನ ಎಲ್ಲಾನೂ ಛಂದೇ ಇರ್ತದ, ವಾರ ಬಿಟ್ಟು ಡಬ್ಬಿ ತೆಗದಾಗ ಹ್ಯಾಂಗದ ಅನ್ನೋದೇ ನನಗ ಮುಖ್ಯ.

ಮೊದಲು ಒಲಿ ಹಚ್ಚದೇ ಮಾಡೋ ಮೈದಾದ್ದು. 2 ಕಪ್ ಮೈದಾ, 1 ಕಪ್ ಸಣ್ಣ ಉಪ್ಪು, 2 ದೊಡ್ಡ ಚಮಚ ಎಣ್ಣಿ, ಕುದಿಯೋ ನೀರು ಸ್ವಲ್ಪ ಸ್ವಲ್ಪ ಹಾಕ್ಕೊಂತ ನಾದೋದು, ಅಷ್ಟೇ. ಜಲ್ದಿ ಆಗ್ತದ ಖರೇ, ಆದ್ರ ಉಪ್ಪು ಪೂರಾ ಕರಗಂಗಿಲ್ಲ, ಕೈಗಿ ಮಳಲು ಮಳಲು ಹತ್ತತದ, ಮರುದಿನ ನೀರು ಬಿಟ್ಟು ಬೆರಳಿಗಿ ಅಂಟ್ಲಾಕ ಶುರು. ಮನಿಗಿ ಬೀಗರ ಹುಡುಗುರು ಬಂದಾರ, ಸಂಜಿತನಕ ಆಡಿಸಿದ್ರ ಸಾಕು ಅಂದ್ರ ಇದು ನಡೀತದ, ಇಟ್ಟು ಇಟ್ಟು ಆಡ್ಲಾಕ ಬ್ಯಾಡ.

ಅದೇ ಸಾಮಾನು ಒಲಿ ಮ್ಯಾಲ ಇಟ್ಟು ಬೇಯಿಸಿದ್ರ ಬ್ಯಾರೇನೇ ವಸ್ತು ಆಗ್ತದ. 2 ಕಪ್ ಮೈದಾ, 1 ಕಪ್ ಉಪ್ಪು, 2 ಕಪ್ ನೀರು, 2 ದೊಡ್ಡ ಚಮಚ ಎಣ್ಣಿ, 2 ದೊಡ್ಡ ಚಮಚ ನಿಂಬಿ ರಸ. ಹೊರದೇಶದ ರೆಸಿಪಿಯೊಳಗ ಕ್ರೀಮ್ ಆಫ್ ಟಾರ್ಟರ್ ಅಂತ ಇರ್ತದ, ಅದೂ ಒಂದು ಹುಳಿ ಪುಡಿನೇ, ನಮ್ಮ ಓಣಿ ಕಿರಾಣಿಯೊಳಗ ಸಿಗಂಗಿಲ್ಲ, ಅದರ ಬದಲಿ ನಿಂಬಿ ರಸ ಹಾಕಿದ್ರ ನಡೀತದ. ಎಲ್ಲಾ ದಪ್ಪ ತಳದ ಬೋಗಾಣ್ಯಾಗ ಗಂಟಿಲ್ಲದಂಗ ಕಲಸಿ ಸಣ್ಣ ಉರಿ ಮ್ಯಾಲ ಇಟ್ಟು ಕಟಗಿ ಚಮಚಾದಿಂದ ತಿರುವ್ಕೋತ ಇರಬೇಕು, ಕೈ ಬಿಡಬಾರದು. ಮೊದಲು ತೆಳ್ಳಗಿರ್ತದ, ಆಮ್ಯಾಲ ತಳಕ್ಕ ಗಟ್ಟಿ ಆಗಿ ಮ್ಯಾಲ ನೀರು ನೀರು ಇರ್ತದ, ಈಗ ಕೆಟ್ಟುಹೋಯ್ತು ಅಂತ ಅನಸ್ತದ, ಕೆಟ್ಟಿರಂಗಿಲ್ಲ, ತಿರುವ್ರಿ. ಒಮ್ಮೆಲೆ ಎಲ್ಲಾ ಬೋಗಾಣಿ ಬಿಟ್ಟು ಚಮಚಾದ ಸುತ್ತ ಕೂಡ್ತದ, ಹೊಳಪು ಹೋಗಿ ಮಂದ ಆಗ್ತದ, ಬೆರಳಿಲೆ ಒತ್ತಿದ್ರ ಅಂಟಂಗಿಲ್ಲ, ಆವಾಗ ಇಳಿಸಬೇಕು. ಪರಾತಿನ್ಯಾಗ ಹಾಕಿ ಕೈಗಿ ಸುಡದಷ್ಟು ಆರಿದ ಮ್ಯಾಲ ನಾಲ್ಕೈದು ನಿಮಿಷ ನಾದ್ರಿ. ಹಿಟ್ಟಿನ ಗಂಜಿ ಬಿಸಿಗಿ ಉಬ್ಬಿ ನೀರನ್ನ ತನ್ನೊಳಗ ಹಿಡಕೋತದ, ಅದಕ್ಕೇ ಬೇಯಿಸಿದ್ದು ಜಲ್ದಿ ಒಣಗಂಗಿಲ್ಲ, ಉಪ್ಪು ಭಾಳ ಇರೋದರಿಂದ ಬೂಸ್ಟು ಜಲ್ದಿ ಬರಂಗಿಲ್ಲ. ಉಪ್ಪು ಕಮ್ಮಿ ಹಾಕಿ ಉಳಿಸಬೇಕು ಅನ್ನಬ್ಯಾಡ್ರಿ, ಅದು ರುಚಿಗಿ ಹಾಕೋದಲ್ಲ.

ನಮ್ಮ ಮನ್ಯಾಗ ಇದು ಮುಚ್ಚಳ ಬಿಗಿ ಇದ್ದ ಡಬ್ಬಿಯೊಳಗ ಬ್ಯಾಸಗಿಯೊಳಗೂ ತಿಂಗಳ ಮ್ಯಾಲ ಬರ್ತದ. ಒಣಗಿದಂಗ ಅನಸಿದ್ರ ಅಂಗೈಗಿ ಎರಡು ಹನಿ ನೀರು, ಎರಡು ಹನಿ ಎಣ್ಣಿ ಹಚ್ಕೊಂಡು ನಾದ್ರಿ, ಇಲ್ಲಾಂದ್ರ ಮೆಡಿಕಲ್‌ನಾಗ ಗ್ಲಿಸರಿನ್ ಸಿಗ್ತದ, ಬೇಯಿಸುವಾಗೇ ಒಂದು ಸಣ್ಣ ಚಮಚ ಹಾಕಿದ್ರ ಇನ್ನೂ ಮೆತ್ತಗಿರ್ತದ. ಮಳಿಗಾಲದಾಗ ಉಲ್ಟಾ, ಉಪ್ಪು ಗಾಳ್ಯಾಗಿನ ತೇವ ಎಳಕೊಂಡು ಜಿಗಿ ಜಿಗಿ ಆಗ್ತದ, ಆವಾಗ ಒಂದು ಮುಟಗಿ ಮೈದಾ ಸೇರಿಸಿ ನಾದಿದ್ರ ಸರಿ. ಕೈಯಾಗ ಗಾಯ, ತೊಗಲು ಸುಲಿದಿದ್ದು ಇದ್ರ ಉಪ್ಪಿಗಿ ಉರೀತದ, ಅಂಥಾ ದಿನ ಕೊಡಬ್ಯಾಡ್ರಿ.

ಕಾರ್ನ್‌ಫ್ಲೋರ್ ಮತ್ತು ಅಡಗಿ ಸೋಡಾದ್ದು ನೋಡ್ಲಾಕ ಎಲ್ಲಕ್ಕಿಂತ ಛಂದ. 1 ಕಪ್ ಕಾರ್ನ್‌ಫ್ಲೋರ್, 2 ಕಪ್ ಸೋಡಾ, ಒಂದೂವರಿ ಕಪ್ ನೀರು, ಇದನ್ನೂ ಸಣ್ಣ ಉರಿ ಮ್ಯಾಲ ತಿರುವಿ ಮುದ್ದಿ ಆದಮ್ಯಾಲ ಹಸಿ ಅರಬಿ ಮುಚ್ಚಿ ಆರಿಸಬೇಕು. ಬೆಳ್ಳಗ ನುಣ್ಣಗ ಬರ್ತದ, ಒಣಗಿದ್ರ ಗಟ್ಟಿ, ಮ್ಯಾಲ ಬಣ್ಣ ಹಚ್ಚಬಹುದು. ಆದ್ರ ಸೋಡಾಕ್ಕ ರೊಕ್ಕ ಭಾಳ ಹತ್ತತದ, ನಮ್ಮ ಬಿಸಲಿಗಿ ಹುಡುಗುರು ಇನ್ನೂ ಆನಿ ಸೊಂಡಿ ಮಾಡೋದ್ರಾಗ ಅಂಚು ಬಿರೀತದ. ಒಂದು ಮಾತು, ಇದಕ್ಕ ಅರಿಷಿಣ ಹಾಕಿದ್ರ ಹಳದಿ ಬರಂಗಿಲ್ಲ, ಸೋಡಾದ ಕ್ಷಾರಕ್ಕ ಕೆಂಪಗ ಆಗ್ತದ, ನಮ್ಮಾಕಿ ಅದನ್ನ ನೋಡಿ ಕುಂಕುಮ ಹಾಕಿದೇನವಾ ಅಂತ ಕೇಳಿದ್ಳು. ನಿಂಬಿ ರಸದ ಮೈದಾಕ್ಕ ಅದೇ ಅರಿಷಿಣ ಹಾಕಿದ್ರ ಹಳದಿನೇ ಉಳೀತದ. ಎರಡೂ ಮುದ್ದಿ ಬಾಜೂಕ ಬಾಜೂಕ ಇಟ್ಟು ತೋರಿಸ್ರಿ, ಹುಡುಗುರಿಗಿ ಭಾಳ ಖುಷಿ. ರಂಗೋಲಿ ಬಣ್ಣ, ಹೋಳಿ ಬಣ್ಣ ಮಾತ್ರ ಯಾವುದಕ್ಕೂ ಹಾಕಬ್ಯಾಡ್ರಿ, ತಿನ್ನೋ ಬಣ್ಣಾನೇ ಹಾಕ್ರಿ.

ಜ್ವಾಳದ ಹಿಟ್ಟು ಪ್ಲೇ ಡೋಕ್ಕ ಆಗಂಗಿಲ್ಲ. ಗೋಧಿ, ಮೈದಾದಾಗ ಇರೋ ಜಿಗಿ ಜ್ವಾಳದಾಗ ಇಲ್ಲ, ಅದಕ್ಕೇ ನಾವು ಎಸರು ಹಾಕಿ ನಾದಿ ಕೈಲೇ ರೊಟ್ಟಿ ಬಡೀತೀವಿ, ಉಪ್ಪು ಎಣ್ಣಿ ಹಾಕಿದ್ರೂ ಎಳದ್ರ ಹರೀತದ, ತಾಸಿನ್ಯಾಗ ಬಿರಕ ಬಿಡ್ತದ. ಆದ್ರ ಸಣ್ಣಾಂವಗ ನಾನು ಕೊಡೋದು ಇದೇ, ಯಾಕಂದ್ರ ಅಂವ ಕೈಗಿ ಸಿಕ್ಕಿದ್ದು ಬಾಯಾಗ ಹಾಕ್ತಾನ. ರೊಟ್ಟಿ ಮಾಡುವಾಗ ನಮ್ಮತ್ತಿ ಒಂದು ಉಂಡಿ ಮುರದು ಕೊಡ್ತಾರ, ಅಂವ ಗುಬ್ಬಿ ಅಂತ ಏನೋ ಒಂದು ಮಾಡ್ತಾನ, ಅದನ್ನ ಅಲ್ಲೇ ಹಂಚಿನ ಮ್ಯಾಲ ಬೇಯಿಸಿ ಕೊಟ್ರ ತಿಂತಾನ. ಹಸಿ ಹಿಟ್ಟು ಯಾವುದೇ ಇರಲಿ ಹುಡುಗುರು ತಿನ್ನಬಾರದು, ಅದರಾಗ ಹೊಟ್ಟಿ ಕೆಡಿಸೋ ಬ್ಯಾಕ್ಟೀರಿಯಾ ಇರಬಹುದು, ಹಂಗಾಗಿ ಬಾಜೂಕ ಕೂತೇ ಆಡಿಸಬೇಕು. ಗೋಧಿ ಅಲರ್ಜಿ ಇದ್ದ ಹುಡುಗುರಿಗೂ ಮೈದಾ ನಡಿಯಂಗಿಲ್ಲ, ಅವರಿಗಿ ಕಾರ್ನ್‌ಫ್ಲೋರ್ ಛಲೋ.

ಎರಿಮಣ್ಣನ್ನ ಈ ಸಾಲಿನ್ಯಾಗ ಯಾಕ ತಂದಳು ಅನ್ನಬ್ಯಾಡ್ರಿ. ಮಣ್ಣೆತ್ತಿನ ಅಮಾಸಿಗಿ ನಮ್ಮ ಕಡಿ ಮನಿ ಮನಿಯಾಗ ಎತ್ತು ಮಾಡಿ ಪೂಜಾ ಮಾಡ್ತೀವಿ, ಹೊಲದ ಕರಿ ಮಣ್ಣು ಅಷ್ಟು ಜಿಗಿ ಇರ್ತದ. ಹಳ್ಳು ಆರಿಸಿ ಸೋಸಿ, ರಾತ್ರಿ ನೆನಿಟ್ಟು ಮುಂಜಾನಿ ತುಳಿದು ನಾದಿದ್ರ ಎತ್ತಿನ ಕೋಡು, ಇಣಿ (ಬೆನ್ನ ಮ್ಯಾಲಿನ ಡುಬ್ಬ), ಮೇವು ಹಾಕೋ ಗ್ವಾದಲಿ ಎಲ್ಲಾ ನಿಂದರ್ತಾವ, ಮೈದಾದ ಎತ್ತಿನ ಕಾಲು ಸಂಜಿಗಿ ಕುಸೀತಾವ. ಒಣಗುವಾಗ ಈ ಮಣ್ಣು ಭಾಳ ಕುಗ್ಗಿ ಬಿರಕ ಬಿಡ್ತದ, ಅದಕ್ಕ ಬಿಸಲಿಗಿಡದೇ ನೆರಳಾಗ ಸಾವಕಾಶ ಒಣಗಿಸಬೇಕು. ಅರಬಿ ಹೊಲಸಾಗ್ತಾವ, ನೆಲ ತೊಳೀಬೇಕು, ಆದ್ರೂ ಏನರೆ ಮಾಡಿ ಇಟ್ಕೋಬೇಕು ಅನ್ನೋ ಹುಡುಗುರಿಗಿ ಇದರ ಮುಂದ ಬ್ಯಾರೆ ಯಾವುದೂ ಇಲ್ಲ ಅಂತ ನಾನು ಹೇಳ್ತೀನಿ. ದಿನಾ ಮಾಡಿ ಮುರದು ಆಡ್ಲಾಕ ಬೇಯಿಸಿದ ಮೈದಾ.

ಅಂಗಡಿಯಾಗಿನ ಪ್ಲೇ-ಡೋ ಕೂಡ ಗೋಧಿ ಹಿಟ್ಟಿನದ್ದೇ, ಅಮೆರಿಕಾದಾಗ ಮೊದಲು ಗೋಡಿ ವಾಲ್‌ಪೇಪರ್ ಮ್ಯಾಲಿನ ಇದ್ದಲಿ ಮಸಿ ಒರಸ್ಲಾಕ ಮಾಡಿದ್ದು, 1956ರಾಗ ಆಟಿಕಿ ಆಗಿ ಮಾರ್ಲಾಕ ಬಂತು. ಅದು ಮೆತ್ತಗ ಅದ, ಬಣ್ಣ ಛಂದ, ಆದ್ರ ಒಂದು ಸಣ್ಣ ಡಬ್ಬಿಯೊಳಗ ಇಬ್ಬರು ಹುಡುಗುರಿಗಿ ಏನೂ ಸಾಲಂಗಿಲ್ಲ.

ಹಳೇದಾದ ಉಪ್ಪಿನ ಮುದ್ದಿ ಉಳದ ಅನ್ನದ ಜೋಡಿ ಆಕಳಿಗಿ, ನಾಯಿಗಿ ಹಾಕಬ್ಯಾಡ್ರಿ, ನಮ್ಮ ಕಡಿ ಹಿಟ್ಟಂದ್ರ ಚೆಲ್ಲಾಕ ಮನಸ್ಸು ಬರಂಗಿಲ್ಲ ಗೊತ್ತದ, ಆದ್ರ ಅಷ್ಟು ಉಪ್ಪು ತಿಂದ್ರ ನಾಯಿ ಜೀವಕ್ಕೇ ಕುತ್ತು ಬರ್ತದ. ಚೀಲದಾಗ ಬಿಗಿ ಕಟ್ಟಿ ಕಸದ ಗಾಡಿಗೇ ಹಾಕ್ರಿ.