ಆಲೆಮನೆ ಲೆಕ್ಕಕ್ಕೆ ಜಾಂಗೋ: ನಾಲ್ಕು ವರ್ಷ, ಮೂರು ಕಂಪ್ಯೂಟರ್

ನಾನು ಸಾಫ್ಟ್‌ವೇರ್ ಕಂಪನಿಯವನಲ್ಲ. ಮಂಡ್ಯದಲ್ಲಿ ಡಿಗ್ರಿ ಮುಗಿಸಿ, ಗದ್ದೆ ನೋಡಿಕೊಂಡು, ಬಿಡುವಿನಲ್ಲಿ ನಾಲ್ಕು ಅಂಗಡಿಯವರ ಲೆಕ್ಕ ಬರೆದುಕೊಡುವವನು. 2021ರ ಮಳೆಗಾಲದಲ್ಲಿ, ಲಾಕ್‌ಡೌನ್ ಸಡಿಲವಾದ ಹೊತ್ತಿಗೆ, ಚಿಕ್ಕಪ್ಪನ ಆಲೆಮನೆಗೆ ಒಂದು ಲೆಕ್ಕದ ಪುಟ ಮಾಡಿಕೊಡೋಣ ಅಂತ ಜಾಂಗೋ ಹಾಕಿಕೊಂಡೆ. ಜಾಂಗೋ ಅಂದರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಥ ವೆಬ್ ಪುಟ ಕಟ್ಟುವ ಉಚಿತ ಸಾಧನ. ಯಾರ ಕಬ್ಬು ಎಷ್ಟು ಟನ್ ಬಂತು, ಯಾರಿಗೆ ಎಷ್ಟು ಮುಂಗಡ ಹೋಯಿತು, ಎಷ್ಟು ಅಚ್ಚು ಬೆಲ್ಲ ಇಳಿಯಿತು. ಇಷ್ಟೇ. ಇವತ್ತಿಗೂ ಅದೇ ಓಡುತ್ತಿದೆ.

ಇಂಗ್ಲಿಷ್‌ನಲ್ಲಿ ಜಾಂಗೋ ಹೆಸರಿನ ಮೊದಲು ‘ಡಿ’ ಇದ್ದರೂ ಉಚ್ಚಾರಣೆಯಲ್ಲಿ ಅದು ಬರುವುದಿಲ್ಲ. ಜಾಂಗೋ ರೈನ್‌ಹಾರ್ಟ್ ಅನ್ನುವ ಗಿಟಾರ್ ವಾದಕನ ಹೆಸರು ಅದು. ನಾನು ಆರು ತಿಂಗಳು ‘ಡಿಜಾಂಗೋ’ ಅಂತಲೇ ಹೇಳಿಕೊಂಡು ತಿರುಗಿದ್ದೆ. ಯಾರೂ ತಿದ್ದಲಿಲ್ಲ, ಯಾಕೆಂದರೆ ನಮ್ಮ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಿಮರ್ಶೆ ಅಂತ ಬರೆಯಲು ಕೂತವನು ಇನ್‌ಸ್ಟಾಲ್ ಬಗ್ಗೆಯೇ ಇಷ್ಟು ಬರೆಯುತ್ತಿರುವುದಕ್ಕೆ ಕಾರಣ ಇದೆ. ಜಾಂಗೋ ಹಾಕುವುದು ಒಂದು ಸಾಲಿನ ಕೆಲಸ: ಪಿಪ್ ಇನ್‌ಸ್ಟಾಲ್ ಜಾಂಗೋ. ಪಿಪ್ ಅಂದರೆ ಪೈಥಾನ್‌ಗೆ ಬೇಕಾದ ಪ್ಯಾಕೇಜ್ ಇಳಿಸಿ ಹಾಕುವ ಸಾಧನ. ಆ ಒಂದು ಸಾಲು ಓಡುವ ಹಾಗೆ ಮಾಡುವುದಕ್ಕೆ ನನಗೆ ಮೂರು ದಿನ ಹಿಡಿಯಿತು. ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗೆ. ನಾಲ್ಕು ವರ್ಷದಲ್ಲಿ ನನ್ನ ಕೆಲಸ ನಿಂತಿದ್ದೆಲ್ಲ ಪೈಥಾನ್, ಪಾತ್, ಫೈರ್‌ವಾಲ್, ಅಕ್ಷರದ ಎನ್‌ಕೋಡಿಂಗ್, ಇಂಥ ಕಡೆಗಳಲ್ಲೇ. ಬೈಗುಳ ತಿಂದಿದ್ದು ಮಾತ್ರ ಜಾಂಗೋ.

ಮೊದಲ ರಾತ್ರಿ. ನಾಲ್ಕು ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್, ವಿಂಡೋಸ್ 10. ಪೈಥಾನ್ 3.9 ಇಳಿಸಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ ಮುಗಿಸಿದೆ. ಕಮಾಂಡ್ ಬರೆಯುವ ಕಪ್ಪು ಕಿಟಕಿಯಲ್ಲಿ ಪೈಥಾನ್ ಅಂತ ಟೈಪ್ ಮಾಡಿದರೆ ಆಪ್ ಸ್ಟೋರ್ ತೆರೆದುಕೊಂಡಿತು! ಆಗ ತಾನೇ ಹಾಕಿದ್ದೀನಲ್ಲ, ಇನ್ನೊಂದು ಸಲ ಯಾಕೆ ಹಾಕಬೇಕು? ಹಾಕಿದೆ. ಈಗ ಎರಡು ಪೈಥಾನ್ ಆದವು. ಪಿಪ್ ಒಂದರ ಮನೆಗೆ ಜಾಂಗೋ ತಂದಿಟ್ಟಿತು, ಪೈಥಾನ್ ಇನ್ನೊಂದರ ಮನೆಯಲ್ಲಿ ಹುಡುಕಿ ‘ನೋ ಮಾಡ್ಯೂಲ್ ನೇಮ್ಡ್ ಜಾಂಗೋ’ ಅಂದಿತು.

ತಪ್ಪು ನನ್ನದೇ. ಪೈಥಾನ್ ಇನ್‌ಸ್ಟಾಲರ್‌ನ ಮೊದಲ ಪುಟದ ಕೆಳಗಡೆ ‘ಆಡ್ ಪೈಥಾನ್ ಟು ಪಾತ್’ ಅಂತ ಒಂದು ಚೌಕ ಇರುತ್ತದೆ. ಅದಕ್ಕೆ ತಾನಾಗಿ ಟಿಕ್ ಬಿದ್ದಿರುವುದಿಲ್ಲ, ನಾವೇ ಹಾಕಬೇಕು. ಪಾತ್ ಅಂದರೆ ವಿಂಡೋಸ್ ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿ. ಟಿಕ್ ಹಾಕದಿದ್ದರೆ ಪೈಥಾನ್ ಎಲ್ಲಿದೆ ಅಂತ ವಿಂಡೋಸ್‌ಗೆ ಗೊತ್ತಾಗುವುದಿಲ್ಲ. ಆ ಹೆಸರಿನಲ್ಲಿ ಮೊದಲೇ ಇಟ್ಟಿರುವ ಒಂದು ಶಾರ್ಟ್‌ಕಟ್ ನಮ್ಮನ್ನು ಸ್ಟೋರ್‌ಗೆ ಕಳಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಆಪ್ ಎಕ್ಸಿಕ್ಯೂಷನ್ ಅಲಿಯಾಸಸ್’ ಅಂತ ಹುಡುಕಿ, ಪೈಥಾನ್ ಹೆಸರಿನ ಸ್ವಿಚ್‌ಗಳನ್ನು ಆಫ್ ಮಾಡಿದರೆ ಅದರ ಕಾಟ ತಪ್ಪುತ್ತದೆ. ಪಾತ್ ಸರಿ ಮಾಡಿದ ಮೇಲೆ ಹಳೇ ಕಪ್ಪು ಕಿಟಕಿ ಮುಚ್ಚಿ ಹೊಸದು ತೆರೆಯಿರಿ. ಹಳೆಯದಕ್ಕೆ ಹೊಸ ಪಾತ್ ತಿಳಿಯುವುದಿಲ್ಲ. ಇದೊಂದು ವಿಷಯಕ್ಕೆ ನಾನು ಅರ್ಧ ರಾತ್ರಿ ಕಳೆದಿದ್ದೇನೆ.

ಅವತ್ತಿನಿಂದ ಬರೀ ‘ಪಿಪ್’ ಅಂತ ಟೈಪ್ ಮಾಡುವುದನ್ನೇ ಬಿಟ್ಟೆ. ‘ಪೈಥಾನ್ ಹೈಫನ್ ಎಂ ಪಿಪ್’ ಅಂತಲೇ ಬರೆಯುತ್ತೇನೆ. ಆಗ ಯಾವ ಪೈಥಾನ್ ಓಡುತ್ತದೋ ಅದರ ಮನೆಗೇ ಸಾಮಾನು ಹೋಗುತ್ತದೆ. ಎರಡು ಪೈಥಾನ್ ಇದೆ ಅನ್ನೋ ಅನುಮಾನ ಬಂದರೆ ‘ವೇರ್ ಪೈಥಾನ್’ ಅಂತ ಕೇಳಿ. ಸಾಲಾಗಿ ತೋರಿಸುತ್ತದೆ. ಆದರೆ ಪವರ್‌ಶೆಲ್ ಅನ್ನುವ ಹೊಸ ಕಮಾಂಡ್ ಕಿಟಕಿಯಲ್ಲಲ್ಲ, ಹಳೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೇಳಿ.

ಪವರ್‌ಶೆಲ್ ಅಂದೆನಲ್ಲ, ಎರಡನೇ ದಿನ ನನ್ನನ್ನು ತಡೆದಿದ್ದು ಅದೇ. ವೆನ್ವ್ ಅಂದರೆ ಒಂದೊಂದು ಪ್ರಾಜೆಕ್ಟ್‌ಗೂ ಬೇರೆ ಬೇರೆ ಡಬ್ಬಿ ಇದ್ದ ಹಾಗೆ. ಒಂದರ ಸಾಮಾನು ಇನ್ನೊಂದಕ್ಕೆ ಬೆರೆಯುವುದಿಲ್ಲ. ಅದನ್ನು ಆಕ್ಟಿವೇಟ್ ಮಾಡಲು ಹೋದರೆ ‘ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್’ ಅಂತ ಕೆಂಪು ಅಕ್ಷರ ಬಂತು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಚಿಕ್ಕಪ್ಪ ಬಗ್ಗಿ ನೋಡಿ, “ಏನ್ಲಾ ಮಗ, ಬರೀ ಕೆಂಪಕ್ಷರ್ವೇ ಬತ್ತೈತಲ್ಲ, ಕೆಟ್ಟೋಯ್ತಾ?” ಅಂದರು. ಕೆಟ್ಟಿರಲಿಲ್ಲ. ವಿಂಡೋಸ್‌ನಲ್ಲಿ ಪವರ್‌ಶೆಲ್ ಮೊದಲಿನಿಂದಲೇ ಸ್ಕ್ರಿಪ್ಟ್ ಓಡಿಸಲು ಬಿಡುವುದಿಲ್ಲ. ಎಕ್ಸಿಕ್ಯೂಷನ್ ಪಾಲಿಸಿಯನ್ನು ನಮ್ಮ ಯೂಸರ್‌ಗೆ ಮಾತ್ರ ‘ರಿಮೋಟ್ ಸೈನ್ಡ್’ ಅಂತ ಬದಲಿಸಬಹುದು. ನಾನು ಅಷ್ಟು ತಲೆ ಕೆಡಿಸಿಕೊಳ್ಳದೆ ಕಮಾಂಡ್ ಪ್ರಾಂಪ್ಟ್‌ಗೆ ಹೋದೆ. ಅಲ್ಲಿ ಈ ರಗಳೆ ಇಲ್ಲ.

ಮೂರನೇ ದಿನ ಸಂಜೆ ಜಾಂಗೋದ ಸರ್ವರ್ ಶುರುಮಾಡುವ ರನ್‌ಸರ್ವರ್ ಕಮಾಂಡ್ ಕೊಟ್ಟು, ಬ್ರೌಸರ್‌ನಲ್ಲಿ 8000ನೇ ಪೋರ್ಟ್ ತೆರೆದಾಗ ಹಸಿರು ರಾಕೆಟ್ ಹಾರುವ ಪುಟ ಬಂತು. ಆ ರಾಕೆಟ್ ನೋಡಿ ಖುಷಿಪಡದವರು ಜಾಂಗೋ ಹಾಕೇ ಇಲ್ಲ ಅಂತ ನನ್ನ ಅಭಿಪ್ರಾಯ.

ಆಮೇಲಿನದ್ದು ಸುಲಭ. ಯಾಕೆ ಸುಲಭ ಅಂದರೆ, ಇದು ಹುಟ್ಟಿದ್ದೇ ಒಂದು ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಾಸ್‌ನ ಲಾರೆನ್ಸ್ ಊರಿನಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಇಬ್ಬರೂ ಪತ್ರಿಕೆಯ ಕೆಲಸಕ್ಕೆ ಅಂತ ಶುರುಮಾಡಿದ್ದು ಇದು. 2005ರಲ್ಲಿ ಎಲ್ಲರಿಗೂ ಸಿಗುವ ಹಾಗಾಯಿತು. ಕೋಡ್ ಬರದ ವರದಿಗಾರ ಕೂತು ಸುದ್ದಿ ತುಂಬಬೇಕಿತ್ತು. ಅದಕ್ಕೇ ಡೇಟಾ ತುಂಬುವ ಅಡ್ಮಿನ್ ಪುಟ ತಾನಾಗಿ ತಯಾರಾಗುತ್ತದೆ. ಆ ವರದಿಗಾರನ ಜಾಗದಲ್ಲಿ ಈಗ ನಮ್ಮ ಚಿಕ್ಕಪ್ಪ ಕೂತಿದ್ದಾರೆ. ರೈತನ ಹೆಸರು, ಟನ್, ದರ, ಮುಂಗಡ ಅಂತ ನಾಲ್ಕು ಸಾಲು ಬರೆದರೆ ತುಂಬುವ ಫಾರಂ ಸಿದ್ಧ. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಆರಿಸಿದರೆ ಒಂದಷ್ಟು ಮಾತು ಕನ್ನಡಕ್ಕೆ ತಿರುಗುತ್ತವೆ, ಉಳಿದವು ಇಂಗ್ಲಿಷ್‌ನಲ್ಲೇ ಉಳಿಯುತ್ತವೆ. ಬೆರಕೆ ಭಾಷೆ. ನಮಗೆ ಅಭ್ಯಾಸ ಇದೆ ಬಿಡಿ.

ಅದೇ ವರ್ಷ ಅಕ್ಟೋಬರ್‌ನಲ್ಲಿ ನಾನೇ ಒಂದು ಗುಂಡಿ ತೋಡಿಕೊಂಡೆ. ಯಾರೋ “ಎಸ್‌ಕ್ಯೂಲೈಟ್ ಮಕ್ಕಳಾಟ, ಮೈಎಸ್‌ಕ್ಯೂಎಲ್ ಹಾಕು” ಅಂದರು. ಎರಡೂ ಡೇಟಾ ಇಡುವ ಡೇಟಾಬೇಸ್‌ಗಳು, ನಾನು ಬಳಸುತ್ತಿದ್ದದ್ದು ಎಸ್‌ಕ್ಯೂಲೈಟ್. ಆಗಷ್ಟೇ ಪೈಥಾನ್ 3.10 ಬಂದಿತ್ತು, ಅದನ್ನೂ ಹಾಕಿದೆ. ಜಾಂಗೋವನ್ನು ಮೈಎಸ್‌ಕ್ಯೂಎಲ್‌ಗೆ ಜೋಡಿಸುವ ಮೈಎಸ್‌ಕ್ಯೂಎಲ್‌ಕ್ಲೈಂಟ್ ಹಾಕಲು ಹೋದರೆ ಒಂದು ಮಾರು ಉದ್ದದ ಕೆಂಪು ಸಾಲುಗಳು, ಕೊನೆಯಲ್ಲಿ ವಿಷುವಲ್ ಸಿ ಪ್ಲಸ್ ಪ್ಲಸ್ 14 ಬೇಕು ಅನ್ನುವ ಮಾತು. ಅರ್ಥ ಇಷ್ಟೇ: ಹೊಸ ಪೈಥಾನ್‌ಗೆ ಆ ಪ್ಯಾಕೇಜ್‌ನ ಸಿದ್ಧ ಕಟ್ಟು, ಅಂದರೆ ವೀಲ್, ಇನ್ನೂ ಬಂದಿಲ್ಲ, ಅದಕ್ಕೆ ಪಿಪ್ ಇಲ್ಲೇ ಕಂಪೈಲ್ ಮಾಡಲು ಹೊರಟಿದೆ. ನನಗೆ ಅದು ತಿಳಿಯಲಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕಂಪೈಲ್ ಮಾಡುವುದಕ್ಕೆ ಬೇಕಾದ ಬಿಲ್ಡ್ ಟೂಲ್ಸ್ ಇಳಿಸಲು ಕೂತು ಎರಡು ದಿನದ ಡೇಟಾ ನೀರಿನ ಹಾಗೆ ಹರಿಸಿದೆ. ಕೊನೆಗೆ ವೆನ್ವ್ ಅಳಿಸಿ, 3.9ರಲ್ಲೇ ಹೊಸದು ಮಾಡಿ, ಎಸ್‌ಕ್ಯೂಲೈಟ್‌ಗೇ ವಾಪಸ್. ಒಬ್ಬರೋ ಇಬ್ಬರೋ ತುಂಬುವ ಲೆಕ್ಕಕ್ಕೆ ಅದು ಧಾರಾಳ ಸಾಕು. ಆಲೆಮನೆಯಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ, ಯುಪಿಎಸ್ ಇಲ್ಲ. ಆದರೂ ಈ ನಾಲ್ಕು ವರ್ಷದಲ್ಲಿ ಆ ಫೈಲ್ ಒಮ್ಮೆಯೂ ಕೆಟ್ಟಿಲ್ಲ.

ಆಲೆಮನೆಯ ಕಂಪ್ಯೂಟರ್ ಕಥೆಯೇ ಬೇರೆ. ಅದು ವಿಂಡೋಸ್ 7ರ ಹಳೇ ಡೆಸ್ಕ್‌ಟಾಪ್, ಮೇಲೆ ಬೂದಿ. ನನ್ನ ಪ್ರಾಜೆಕ್ಟ್ ಫೋಲ್ಡರನ್ನು ವೆನ್ವ್ ಸಮೇತ ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಟಿಸಿದೆ. ‘ನೋ ಪೈಥಾನ್ ಅಟ್’ ಅಂತ ನನ್ನ ಲ್ಯಾಪ್‌ಟಾಪ್‌ನ ವಿಳಾಸ ತೋರಿಸಿತು. ವೆನ್ವ್ ಒಳಗೆ ಅದು ಹುಟ್ಟಿದ ಪೈಥಾನ್‌ನ ವಿಳಾಸ ಬರೆದಿರುತ್ತದೆ. ಅದನ್ನು ಹೊತ್ತು ತಿರುಗುವ ಹಾಗಿಲ್ಲ, ಹೋದ ಕಡೆ ಹೊಸದಾಗಿಯೇ ಮಾಡಬೇಕು. ಸರಿ, ಪೈಥಾನ್ 3.9 ಹಾಕೋಣ ಅಂದರೆ ಅದು ವಿಂಡೋಸ್ 7ರಲ್ಲಿ ಕೂರುವುದೇ ಇಲ್ಲ. 3.8 ಕೂರುತ್ತದೆ. ಅದರಲ್ಲೂ ವಿಂಡೋಸ್ ಇನ್‌ಸ್ಟಾಲರ್ ಸಿಗುವುದು 3.8.10ರವರೆಗೆ ಮಾತ್ರ, ಆಮೇಲಿನವು ಬರೀ ಸೋರ್ಸ್ ಕೋಡ್. ಇದು ತಿಳಿಯದೆ 3.8ರ ಕೊನೆಯ ಆವೃತ್ತಿಗಳ ಪುಟದಲ್ಲಿ ಇನ್‌ಸ್ಟಾಲರ್ ಹುಡುಕುತ್ತಾ ಒಂದು ಮಧ್ಯಾಹ್ನ ಕಳೆದೆ. ಜಾಂಗೋ 3.2ಕ್ಕೆ ಆ ಹಳೇ ಪೈಥಾನ್ ಒಪ್ಪಿತವಾಗಿತ್ತು. ಅಂಥ ಹಳೇ ಗಾಡಿಯನ್ನು ಇಂಟರ್ನೆಟ್‌ಗೆ ಮಾತ್ರ ಸೇರಿಸಬೇಡಿ. ನಮ್ಮದರಲ್ಲಿ ನೆಟ್ ಇಲ್ಲ.

ನೆಟ್ ಇಲ್ಲದ ಕಡೆ ಹಾಕುವುದು ಹೇಗೆ? ‘ಪಿಪ್ ಡೌನ್‌ಲೋಡ್’ ಅಂತ ಒಂದು ಕಮಾಂಡ್ ಇದೆ. ನೆಟ್ ಇರುವ ಕಡೆ ಎಲ್ಲ ವೀಲ್‌ಗಳನ್ನು ಒಂದು ಫೋಲ್ಡರ್‌ಗೆ ಇಳಿಸಿಕೊಂಡು, ಇಲ್ಲಿ ಪಿಪ್ ಇನ್‌ಸ್ಟಾಲ್‌ಗೆ ‘ನೋ ಇಂಡೆಕ್ಸ್’ (ನೆಟ್‌ನಲ್ಲಿ ಹುಡುಕಬೇಡ) ಮತ್ತು ‘ಫೈಂಡ್ ಲಿಂಕ್ಸ್’ (ಈ ಫೋಲ್ಡರ್‌ನಲ್ಲಿ ಹುಡುಕು) ಕೊಟ್ಟರೆ ಆಯಿತು. ಜಾಂಗೋ ಹತ್ತು ಎಂಬಿ ಕೂಡ ಇಲ್ಲ. 2023ರಲ್ಲಿ ಜಾಂಗೋ 4.2 ಬಂದಾಗ ಮೈಸೂರಿನ ಸರಸ್ವತಿಪುರಂನಲ್ಲಿರುವ ಗೆಳೆಯನ ರೂಮಿನಲ್ಲಿ ಅವನ ಉಬುಂಟು ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಇಳಿಸಿಕೊಂಡು, ರೈಲು ಹತ್ತಿ ಮಂಡ್ಯಕ್ಕೆ ಬಂದು, ಆಲೆಮನೆಗೆ ಹೋಗಿ ಹಾಕಿದರೆ ‘ಟಿಜೆಡ್‌ಡೇಟಾ ಸಿಗಲಿಲ್ಲ’ ಅಂತ ನಿಂತಿತು. ವಿಂಡೋಸ್‌ನಲ್ಲಿ ಕಾಲವಲಯದ ಪಟ್ಟಿಯನ್ನು ಬೇರೆ ಪ್ಯಾಕೇಜ್‌ನಿಂದ ತರಬೇಕು. ಲಿನಕ್ಸ್‌ನಲ್ಲಿ ಅದು ಮೊದಲೇ ಇರುವುದರಿಂದ ಪಿಪ್ ಅದನ್ನು ಇಳಿಸಿಯೇ ಇರಲಿಲ್ಲ. ಫೋನ್ ಮಾಡಿದರೆ ಅವನು ನಕ್ಕು, “ಮಗಾ, ವಿಂಡೋಸ್‌ಗೆ ಬೇಕಿದ್ರೆ ವಿಂಡೋಸ್‌ನಲ್ಲೇ ಇಳಿಸ್ಕೋಬೇಕಿತ್ತು” ಅಂದ. ರೈಲು ಹತ್ತುವ ಮುಂಚೆ ಹೇಳಬಹುದಿತ್ತು, ಅಲ್ವಾ?

ಈಗ ನಿಜವಾದ ಪೆಟ್ಟು. ನಮ್ಮ ಲೆಕ್ಕದಲ್ಲಿ ರೈತರ ಹೆಸರೆಲ್ಲ ಕನ್ನಡದಲ್ಲಿದೆ. ಬ್ಯಾಕಪ್‌ಗೆ, ಡೇಟಾವನ್ನೆಲ್ಲ ಒಂದು ಫೈಲ್‌ಗೆ ಬರೆದಿಡುವ ಜಾಂಗೋದ ‘ಡಂಪ್‌ಡೇಟಾ’ ಕಮಾಂಡ್ ಓಡಿಸುವ ಒಂದು ಬ್ಯಾಟ್ ಫೈಲ್ ಬರೆದು, ವಾರಕ್ಕೊಮ್ಮೆ ಡಬಲ್ ಕ್ಲಿಕ್ ಮಾಡಿ ಅಂದಿದ್ದೆ. ಚಿಕ್ಕಪ್ಪ ತಪ್ಪದೆ ಮಾಡುತ್ತಿದ್ದರು. ಮೂರು ತಿಂಗಳ ಮೇಲೆ ಆ ಫೈಲ್ ತೆಗೆದು ನೋಡಿದರೆ ಎದೆ ಧಸಕ್ ಅಂದಿತು. ಮೊದಲು ಒಂದಿಷ್ಟು ಇಂಗ್ಲಿಷ್ ಭಾಗ ಇದೆ, ಕನ್ನಡ ಹೆಸರು ಶುರುವಾಗುವ ಕಡೆ ಫೈಲೇ ನಿಂತಿದೆ. ಹನ್ನೆರಡು ವಾರದ ಬ್ಯಾಕಪ್‌ನಲ್ಲಿ ಒಬ್ಬ ರೈತನೂ ಇಲ್ಲ! ಕಪ್ಪು ಕಿಟಕಿ ತಪ್ಪನ್ನು ಹೇಳಿ ತಕ್ಷಣ ಮುಚ್ಚಿಕೊಳ್ಳುತ್ತಿತ್ತು, ಯಾರೂ ಓದಿರಲಿಲ್ಲ. ಕೈಯಲ್ಲಿ ಓಡಿಸಿ ನೋಡಿದಾಗ ಸಿಕ್ಕಿತು: ‘ಚಾರ್‌ಮ್ಯಾಪ್ ಕೋಡೆಕ್’ ಈ ಅಕ್ಷರಗಳನ್ನು ಬರೆಯಲಾರದು. ವಿಂಡೋಸ್‌ನಲ್ಲಿ ಪೈಥಾನ್ ಫೈಲ್ ಬರೆಯುವಾಗ, ನಾವು ಬೇರೆ ಹೇಳದಿದ್ದರೆ, ಆ ಕಂಪ್ಯೂಟರ್‌ನ ಹಳೇ ಅಕ್ಷರಪಟ್ಟಿಯನ್ನೇ ಬಳಸುತ್ತದೆ. ಅದರಲ್ಲಿ ಕನ್ನಡ ಇಲ್ಲ. ಇಂಗ್ಲಿಷ್‌ನಲ್ಲೇ ಹೆಸರು ತುಂಬುವವರಿಗೆ ಈ ತೊಂದರೆ ಕಾಣಿಸುವುದೇ ಇಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಪರಿಹಾರ ಚಿಕ್ಕದು. ಕನ್ನಡವೂ ಇರುವ ಯುಟಿಎಫ್8 ಅನ್ನುವ ಅಕ್ಷರಪಟ್ಟಿಯನ್ನು ಬಳಸು ಅಂತ ಹೇಳಬೇಕು. ಪೈಥಾನ್ ಪದದ ಪಕ್ಕದಲ್ಲಿ ‘ಹೈಫನ್ ಎಕ್ಸ್ ಯುಟಿಎಫ್8’ ಸೇರಿಸಿ ಡಂಪ್‌ಡೇಟಾ ಓಡಿಸಿ. ಇಲ್ಲವೇ ‘ಪೈಥಾನ್‌ಯುಟಿಎಫ್8’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ. ಫೈಲ್ ಹೆಸರನ್ನು ‘ಹೈಫನ್ ಓ’ ಹಾಕಿಯೇ ಕೊಡಿ. ಪವರ್‌ಶೆಲ್‌ನ ಬಾಣದ ಗುರುತಿನಿಂದ (>) ಫೈಲ್ ಮಾಡಿದರೆ ವಿಂಡೋಸ್ ಜೊತೆ ಬರುವ ಆವೃತ್ತಿ ಅದನ್ನು ಯುಟಿಎಫ್16ರಲ್ಲಿ ಬರೆದಿಡುತ್ತದೆ. ಆಮೇಲೆ ಬ್ಯಾಕಪ್ ವಾಪಸ್ ತುಂಬುವ ಲೋಡ್‌ಡೇಟಾ ಅದನ್ನು ಓದಲ್ಲ. ನಾನಂತೂ ಈಗ ಸರ್ವರ್ ನಿಲ್ಲಿಸಿ ಎಸ್‌ಕ್ಯೂಲೈಟ್ ಫೈಲನ್ನೇ ನೇರ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳುತ್ತೇನೆ, ಜೊತೆಗೆ ಡಂಪ್ ಕೂಡ. ಮತ್ತೆ ತಿಂಗಳಿಗೊಮ್ಮೆ ತೆಗೆದು ಓದುತ್ತೇನೆ.

ಫೋನ್‌ನಲ್ಲಿ ನೋಡಬೇಕು ಅಂತ ಚಿಕ್ಕಪ್ಪನ ಆಸೆ. ಒಂದು ವೈಫೈ ರೂಟರ್ ಇಟ್ಟು, ಸೊನ್ನೆಗಳ ವಿಳಾಸದಲ್ಲಿ (0.0.0.0) ಸರ್ವರ್ ಓಡಿಸಿ, ಜಾಂಗೋ ಒಪ್ಪುವ ವಿಳಾಸಗಳ ಪಟ್ಟಿಯಾದ ‘ಅಲೌಡ್ ಹೋಸ್ಟ್ಸ್’ನಲ್ಲಿ ಡೆಸ್ಕ್‌ಟಾಪ್‌ನ ಐಪಿ ವಿಳಾಸ ಬರೆದೆ. ಆದರೂ ಫೋನ್‌ನಲ್ಲಿ ಸುತ್ತುತ್ತಲೇ ಇತ್ತು. ಮೊದಲ ಸಲ ಫೈರ್‌ವಾಲ್ ಕೇಳಿದಾಗ ಯಾರೋ ಕ್ಯಾನ್ಸಲ್ ಒತ್ತಿದ್ದರು. ಕ್ಯಾನ್ಸಲ್ ಅಂದರೆ ‘ಆಮೇಲೆ ನೋಡೋಣ’ ಅಂತಲ್ಲ, ‘ತಡೆ’ ಅಂತ ನಿಯಮವೇ ಬರೆದುಕೊಳ್ಳುತ್ತದೆ. ಅದನ್ನು ಹುಡುಕಿ ಅಳಿಸಿ, ಪೈಥಾನ್‌ಗೆ ಅನುಮತಿ ಕೊಟ್ಟ ಮೇಲೆ ಪುಟ ಬಂತು. ರನ್‌ಸರ್ವರ್ ಕೋಡ್ ಬರೆದು ನೋಡುವಾಗಿನ ಬಳಕೆಗೆ ಮಾತ್ರ ಅಂತ ಜಾಂಗೋದವರೇ ಹೇಳುತ್ತಾರೆ. ಹಾಗಾಗಿ ವೇಟ್ರೆಸ್ ಅನ್ನುವ ಸರ್ವರ್ ಹಾಕಿ, ತಪ್ಪಿನ ವಿವರ ಪುಟದಲ್ಲೇ ತೋರಿಸುವ ಡೀಬಗ್ ಸೆಟ್ಟಿಂಗ್ ಆಫ್ ಮಾಡಿದೆ. ತಕ್ಷಣ ಅಡ್ಮಿನ್ ಪುಟದ ಬಣ್ಣ, ಗೆರೆ ಎಲ್ಲ ಮಾಯ. ಡೀಬಗ್ ಆಫ್ ಇದ್ದರೆ ಬಣ್ಣ, ವಿನ್ಯಾಸದ ಸ್ಟ್ಯಾಟಿಕ್ ಫೈಲ್‌ಗಳನ್ನು ಜಾಂಗೋ ಬಡಿಸುವುದಿಲ್ಲ. ಅವನ್ನು ಬಡಿಸುವ ವೈಟ್‌ನಾಯ್ಸ್ ಪ್ಯಾಕೇಜ್ ಸೇರಿಸಿ, ಅವನ್ನೆಲ್ಲ ಒಂದೆಡೆ ಕೂಡಿಸುವ ‘ಕಲೆಕ್ಟ್‌ಸ್ಟ್ಯಾಟಿಕ್’ ಓಡಿಸಿದರೆ ಸರಿಹೋಗುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಡಂಪ್‌ಡೇಟಾ ವಿಷಯಕ್ಕೆ. ಅಲ್ಲಿ ಯುಟಿಎಫ್8 ತಾನಾಗಿ ಇರಬೇಕಿತ್ತು. ದುಡ್ಡು ಒಂದು ಪೈಸೆ ಕೊಟ್ಟಿಲ್ಲ ಅನ್ನುವುದೂ ನೆನಪಿದೆ.

ಹಾಕುವವರು ಎಲ್‌ಟಿಎಸ್, ಅಂದರೆ ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿಯನ್ನೇ ಹಾಕಿ. ಅದಕ್ಕೆ ಮೂರು ವರ್ಷ ಭದ್ರತೆಯ ಅಪ್‌ಡೇಟ್ ಇರುತ್ತದೆ: 4.2ಕ್ಕೆ 2026ರ ಏಪ್ರಿಲ್‌ವರೆಗೆ, 2025ರಲ್ಲಿ ಬಂದ 5.2ಕ್ಕೆ 2028ರ ಏಪ್ರಿಲ್‌ವರೆಗೆ. 5.2ಕ್ಕೆ ಕನಿಷ್ಠ ಪೈಥಾನ್ 3.10 ಬೇಕು. ಅಂದರೆ ಬೂದಿ ಹೊದ್ದ ಡೆಸ್ಕ್‌ಟಾಪ್‌ನ ಆಟ ಮುಗಿಯಿತು. ನನ್ನ ಹಳೇ ಲ್ಯಾಪ್‌ಟಾಪನ್ನೇ ಅಲ್ಲಿಗೆ ಒಯ್ಯಬೇಕು. ನಾನು ಬೇರೆ ಒಂದು ತಗೊಂಡಿದ್ದೇನೆ, ಈ ಸಲ ವೀಲ್‌ಗಳನ್ನು ಅದರಲ್ಲೇ, ವಿಂಡೋಸ್‌ನಲ್ಲೇ, 3.12ಕ್ಕೇ ಇಳಿಸಿಟ್ಟಿದ್ದೇನೆ. ಎರಡು ಕಡೆಯೂ ಅದೇ 3.12. ಡೆಸ್ಕ್‌ಟಾಪ್ ಗುಜರಿಗೆ ಹಾಕೋಣ ಅಂದರೆ ಚಿಕ್ಕಪ್ಪ ಬಿಡುತ್ತಿಲ್ಲ. “ಓಡ್ತಾ ಇರೋದ್ನ ಯಾಕ್ಲಾ ಬಿಸಾಕ್ತೀಯ?” ಅಂತಾರೆ. ಪೆನ್‌ಡ್ರೈವ್ ಜೇಬಲ್ಲಿ ಇಟ್ಟುಕೊಂಡು ಒಂದು ವಾರದಿಂದ ಕಾಯುತ್ತಿದ್ದೇನೆ.